‘ಇನ್ನು ಸಾಕು, ಹಿಂದಿರುಗೋಣ’

ಅಲಾಸ್ಕದ ಕೆನೆಕಾಟ್ ಎಂಬ ಹಳೆಯ ಗಣಿ ಊರಿನಲ್ಲಿ ಹದಿನಾಲ್ಕು ಅಂತಸ್ತಿನ ಕೆಂಪು ಮರದ ಕಟ್ಟಡವೊಂದು ಗುಡ್ಡದ ಇಳಿಜಾರಿಗೆ ಆತುಕೊಂಡು ನಿಂತಿದೆ. ತಾಮ್ರದ ಅದಿರನ್ನು ಪುಡಿಮಾಡಿ ಬೇರ್ಪಡಿಸುತ್ತಿದ್ದ ಕಾರ್ಖಾನೆ ಅದು. 1938ರಲ್ಲಿ ಗಣಿ ಮುಚ್ಚಿತು, ಜನರು ಊರು ಬಿಟ್ಟರು. ಇಂದು ಅಲ್ಲಿಗೆ ಬರುವ ಪ್ರವಾಸಿಗರು ಆ ಕಟ್ಟಡದ ಮುಂದೆ ನಿಂತು ಕಣಿವೆಯತ್ತ ದೃಷ್ಟಿ ಹಾಯಿಸಿದರೆ ಕಾಣುವುದು ಬೂದುಬಣ್ಣದ ಕಲ್ಲುಮಣ್ಣಿನ ದಿಬ್ಬಗಳ ಸಾಲು. ಗಣಿಯವರು ಅಗೆದು ಸುರಿದ ತ್ಯಾಜ್ಯವಿದು ಎಂದು ಅನೇಕರು ಭಾವಿಸಿ ಮರುಗುತ್ತಾರೆ. ಜೊತೆಯಲ್ಲಿರುವ ಮಾರ್ಗದರ್ಶಿ ಆಗ ಹೇಳಬೇಕಾಗುತ್ತದೆ: ಅದು ತ್ಯಾಜ್ಯವಲ್ಲ, ಕೆನಿಕಾಟ್ ಹಿಮನದಿ, ಮೇಲಿನ ಕಲ್ಲುಮಣ್ಣಿನ ಹೊದಿಕೆಯ ಕೆಳಗೆ ಇರುವುದೆಲ್ಲ ಮಂಜುಗಡ್ಡೆ, ನೂರು ವರ್ಷಗಳ ಹಿಂದಿನ ಛಾಯಾಚಿತ್ರಗಳಲ್ಲಿ ಅದು ಬಹಳ ಎತ್ತರಕ್ಕೆ ತುಂಬಿ ನಿಂತಿತ್ತು, ಈಗ ಕರಗಿ ತಗ್ಗಿಗೆ ಇಳಿದಿದೆ. (ಊರು ‘ಕೆನೆಕಾಟ್’, ಹಿಮನದಿ ‘ಕೆನಿಕಾಟ್’. ಮುದ್ರಣದೋಷವಲ್ಲ, ಹೆಸರು ಒಂದೇ, ಗಣಿ ಕಂಪನಿಯವರ ಕಾಗುಣಿತ ತಪ್ಪಿತ್ತು, ತಪ್ಪೇ ಉಳಿದುಬಿಟ್ಟಿತು.)

ಕಣ್ಣೆದುರಿಗೇ ಇರುವುದನ್ನು ನೋಡುವುದಕ್ಕೂ ಮತ್ತೊಬ್ಬರ ನೆರವು ಬೇಕಾಗುವ ಸ್ಥಳವಿದು. ಈ ಲೇಖಕನು ಅಲ್ಲಿ ಕಾಲಿಟ್ಟವನಲ್ಲ, ಓದಿ ತಿಳಿದವನು ಮಾತ್ರ. ಆದರೂ ಆ ಹಿಮದ ಮೇಲೆ ನಡೆಯುವವರ ನಡುವೆ ಏಳುವ ಒಂದು ಪ್ರಶ್ನೆ ನಮ್ಮೆಲ್ಲರ ಮನೆಬಾಗಿಲಿಗೂ ಬರುವಂಥದ್ದು ಎನಿಸಿದ್ದರಿಂದ ಅದನ್ನು ಓದುಗರ ಮುಂದಿಡುತ್ತಿದ್ದೇನೆ.

ರ‍್ಯಾಂಗೆಲ್-ಸೇಂಟ್ ಎಲಿಯಾಸ್ ರಾಷ್ಟ್ರೀಯ ಉದ್ಯಾನವು ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲೆಲ್ಲ ಅತ್ಯಂತ ದೊಡ್ಡದು. 1980ರ ಡಿಸೆಂಬರ್‌ನಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರು ಸಹಿ ಹಾಕಿದ ಕಾನೂನಿನಿಂದ ಅದು ಸ್ಥಾಪನೆಯಾಯಿತು. ವಿಸ್ತೀರ್ಣ ಸುಮಾರು 53,000 ಚದರ ಕಿಲೋಮೀಟರ್. ಸ್ವಿಟ್ಜರ್ಲೆಂಡ್ ದೇಶವನ್ನು ಅದರೊಳಗಿಟ್ಟರೂ ಸ್ಥಳ ಉಳಿಯುತ್ತದೆ. ಅಮೆರಿಕದ ಹದಿನಾರು ಅತ್ಯುನ್ನತ ಶಿಖರಗಳಲ್ಲಿ ಒಂಬತ್ತು ಅಲ್ಲಿವೆ. ಇಷ್ಟು ವಿಶಾಲವಾದ ಪ್ರದೇಶದೊಳಗೆ ಹೋಗಲು ಇರುವುದು ಎರಡೇ ಕಚ್ಚಾ ರಸ್ತೆಗಳು. ಅವುಗಳಲ್ಲೊಂದು, ಹಳೆಯ ತಾಮ್ರದ ರೈಲುಹಾದಿಯ ಮೇಲೆಯೇ ಸುಮಾರು 96 ಕಿಲೋಮೀಟರ್ ಸಾಗಿ ನದಿಯೊಂದರ ದಡದಲ್ಲಿ ನಿಂತುಬಿಡುತ್ತದೆ. ಮುಂದೆ ಕಾಲುಸೇತುವೆ. ಅದರಾಚೆ ಮೆಕಾರ್ಥಿ ಎಂಬ ಪುಟ್ಟ ಊರು, ಕೆನೆಕಾಟ್, ಅನಂತರ ಹಿಮ.

ಪ್ರವೇಶಶುಲ್ಕವಿಲ್ಲ. ರೂಟ್ ಎಂಬ ಹೆಸರಿನ ಬಿಳಿಯ ಹಿಮನದಿಯ ತನಕ ಕಾಲುದಾರಿಯಿದೆ. ಯಾರು ಬೇಕಾದರೂ ಒಬ್ಬರೇ ನಡೆದುಹೋಗಬಹುದು, ಮಾರ್ಗದರ್ಶಿಯನ್ನು ಕರೆದುಕೊಂಡೇ ಹೋಗಬೇಕೆಂಬ ಕಟ್ಟಳೆಯೇನೂ ಇಲ್ಲ. ಹಾಗಿದ್ದರೂ ಬೇಸಿಗೆಯಲ್ಲಿ ಬರುವವರಲ್ಲಿ ಹಲವರು ಹಣ ತೆತ್ತು ಮಾರ್ಗದರ್ಶಿಯ ಹಿಂದೆ ನಡೆಯುತ್ತಾರೆ. ಬೂಟುಗಳ ಅಡಿಗೆ ಉಕ್ಕಿನ ಮುಳ್ಳುಗಳನ್ನು ಕಟ್ಟಿಕೊಳ್ಳುವುದನ್ನು, ಹೆಜ್ಜೆಯನ್ನು ಚಪ್ಪಟೆಯಾಗಿ ಊರುವುದನ್ನು ಅವನೇ ಕಲಿಸುತ್ತಾನೆ. ಮಂಜುಗಡ್ಡೆಯ ಮೇಲೆ ಹರಿಯುವ ನೀಲಿ ತೊರೆಗಳನ್ನೂ, ಆ ತೊರೆಗಳು ಸುಳಿಸುಳಿಯಾಗಿ ಇಳಿದು ಕಣ್ಮರೆಯಾಗುವ ತಳ ಕಾಣದ ಬಾವಿಗಳನ್ನೂ ತೋರಿಸುತ್ತಾನೆ. ಇನ್ನೂ ಒಳಕ್ಕೆ ಹೋಗಬಯಸುವವರನ್ನು ಪುಟ್ಟ ವಿಮಾನವೊಂದು ಯಾವುದೋ ನದಿಯ ಜಲ್ಲಿಹಾಸಿನ ಮೇಲೆ ಇಳಿಸಿ ಹೊರಟುಹೋಗುತ್ತದೆ. ಗೊತ್ತುಪಡಿಸಿದ ದಿನ ಅದು ಮರಳಿ ಬರಬೇಕು. ಮೋಡ ಕವಿದರೆ ಬರುವುದಿಲ್ಲ. ಅದಕ್ಕಾಗಿಯೇ ಬೇಕಾದುದಕ್ಕಿಂತ ಹೆಚ್ಚಿನ ದಿನಗಳ ಆಹಾರವನ್ನು ಕಟ್ಟಿಕೊಂಡೇ ಹೊರಡುತ್ತಾರೆ. ಅಲ್ಲಿ ಫೋನು ಕೆಲಸ ಮಾಡುವುದಿಲ್ಲ. ಹಿಮ ಕರಗಿ ಹರಿಯುವ ತೊರೆಯು ಬೆಳಿಗ್ಗೆ ಮೊಣಕಾಲಿನವರೆಗೆ ಇದ್ದರೆ ಬಿಸಿಲೇರಿದ ಮೇಲೆ ಸೊಂಟ ಮೀರಬಹುದು. ಎಲ್ಲಿ, ಯಾವ ಹೊತ್ತಿಗೆ ದಾಟಬೇಕೆಂಬುದು ಮಾರ್ಗದರ್ಶಿಗೆ ತಿಳಿದಿರುತ್ತದೆ.

ಇಲ್ಲಿ ಪ್ರಶ್ನೆ ಏಳುತ್ತದೆ. ಹಣ ಕೊಟ್ಟು ಅಪಾಯದತ್ತ ಹೋಗುವವನು ಏನನ್ನು ಕೊಳ್ಳುತ್ತಿದ್ದಾನೆ? ಅಪಾಯವನ್ನೆ? ಅಪಾಯದಿಂದ ರಕ್ಷಣೆಯನ್ನೆ? ಹಣ ಕೊಟ್ಟವನ ಮಾತು ನಡೆಯಬೇಕೋ, ಹಣ ಪಡೆದವನ ಮಾತು ನಡೆಯಬೇಕೋ? ಪೇಟೆಯ ಅಂಗಡಿಯಲ್ಲಿ ಇದಕ್ಕೆ ಉತ್ತರ ಸುಲಭ. ಹಿಮನದಿಯ ಮೇಲೆ ಸುಲಭವಲ್ಲ.

ಮತ್ತೊಬ್ಬರ ಹಿಂದೆ ನಡೆಯುವುದೇ ಕೀಳು ಎಂದು ವಾದಿಸುವವರಿದ್ದಾರೆ. ಜರ್ಮನಿಯ ತತ್ತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್ 1784ರಲ್ಲಿ ಜ್ಞಾನೋದಯವೆಂದರೇನು ಎಂಬುದನ್ನು ಕುರಿತು ಬರೆದ ಪ್ರಸಿದ್ಧ ಪ್ರಬಂಧದಲ್ಲಿ, ಪರರ ಮಾರ್ಗದರ್ಶನವಿಲ್ಲದೆ ತನ್ನ ಬುದ್ಧಿಯನ್ನು ಬಳಸಲಾಗದ ಸ್ಥಿತಿಯನ್ನೇ ಅಪ್ರಾಪ್ತತೆ ಎಂದು ಕರೆದ. ನನಗಾಗಿ ತಿಳಿದುಕೊಳ್ಳಲು ಒಂದು ಪುಸ್ತಕ, ನನ್ನ ಪಥ್ಯ ನಿರ್ಧರಿಸಲು ಒಬ್ಬ ವೈದ್ಯ, ನನ್ನ ಮನಸ್ಸಾಕ್ಷಿಯ ಬದಲಿಗೆ ಒಬ್ಬ ಸಭಾಪಾಲಕ ಇದ್ದರೆ, ಹಣ ತೆರುವ ಶಕ್ತಿಯಿರುವಾಗ ನಾನೇಕೆ ಯೋಚಿಸಬೇಕು ಎಂಬ ಸೋಮಾರಿತನವನ್ನು ಆತ ಕಟುವಾಗಿ ಹಾಸ್ಯ ಮಾಡಿದ್ದಾನೆ. ಆ ಪಟ್ಟಿಯಲ್ಲಿ ನಮ್ಮಂಥವರೂ ಸೇರಿರುವುದು ಓದುಗರ ಗಮನಕ್ಕೆ ಬಂದಿರಬಹುದು. ಗುರುಮಠದಲ್ಲಿ ಈ ಪ್ರಬಂಧವನ್ನು ಓದಿದಾಗ ನಮಗೂ ಬಂದಿತ್ತು, ಮುಜುಗರವೂ ಆಗಿತ್ತು. ಕಾಂಟ್‌ನ ಮಾತಿನಲ್ಲಿ ಸತ್ಯವಿದೆ. ತನ್ನ ಮನಸ್ಸಾಕ್ಷಿಯನ್ನು ಇನ್ನೊಬ್ಬರ ಕೈಗೆ ಒಪ್ಪಿಸಿ ನಿಶ್ಚಿಂತನಾಗಿ ಮಲಗುವವನು ಪ್ರೌಢನಲ್ಲ. ಆದರೆ ಆತ ಮುಂದುವರಿದು, ಒಂದೆರಡು ಸಲ ಬಿದ್ದರೂ ಕಡೆಗೆ ಜನರು ನಡೆಯಲು ಕಲಿತೇ ಕಲಿಯುತ್ತಾರೆ ಎನ್ನುತ್ತಾನೆ. ಕಾಂಟ್ ತನ್ನ ಊರಾದ ಕೋನಿಗ್ಸ್‌ಬರ್ಗ್‌ನ ಸಮತಟ್ಟು ಬೀದಿಗಳಲ್ಲಿ ದಿನವೂ ಸಂಜೆ ನಡೆಯುತ್ತಿದ್ದವನು. ಹಿಮನದಿಯ ಮೇಲೆ ಮೊದಲ ಬೀಳುವಿಕೆಯೇ ಕೊನೆಯದಾಗಬಹುದು. ಬಿದ್ದು ಕಲಿಯಲು ಅವಕಾಶವಿಲ್ಲದ ಕಡೆ ಏನು ಮಾಡಬೇಕು?

ಹಗ್ಗದ ವಿಷಯವನ್ನು ಇಲ್ಲಿ ಹೇಳಬೇಕು. ಹಿಮನದಿಯ ಮೇಲೆ ಎಲ್ಲರೂ ಒಂದೇ ಹಗ್ಗಕ್ಕೆ ಕಟ್ಟಿಕೊಂಡು ನಡೆಯುತ್ತಾರೆಂದು ನಾವು ಚಿತ್ರಗಳಲ್ಲಿ ನೋಡಿದ್ದೇವೆ. ಯಾವಾಗಲೂ ಹಾಗಲ್ಲ. ಬೇಸಿಗೆಯಲ್ಲಿ ರೂಟ್ ಹಿಮನದಿಯ ಕೆಳಭಾಗದಲ್ಲಿ ಮೇಲ್ಪದರದ ಹಿಮವೆಲ್ಲ ಕರಗಿ ಬರಿಯ ಮಂಜುಗಡ್ಡೆ ಉಳಿದಿರುತ್ತದೆ. ಬಿರುಕುಗಳು ಬಾಯ್ದೆರೆದು ಎಲ್ಲರಿಗೂ ಕಾಣುತ್ತವೆ. ಅಲ್ಲಿ ಸಾಮಾನ್ಯವಾಗಿ ಹಗ್ಗ ಕಟ್ಟುವುದಿಲ್ಲ. ಗಟ್ಟಿ ಮಂಜುಗಡ್ಡೆಯ ಮೇಲೆ ಒಬ್ಬನು ಜಾರಿದರೆ ಹಗ್ಗವು ಮಿಕ್ಕವರನ್ನೂ ಎಳೆದುಕೊಂಡು ಹೋಗಬಹುದು. ಅಪಾಯ ಕಣ್ಣಿಗೆ ಕಾಣುವ ಕಡೆ ಪ್ರತಿಯೊಬ್ಬನೂ ತನ್ನ ಕಾಲಮೇಲೆ ತಾನೇ ನಡೆಯಬೇಕು. ಮಾರ್ಗದರ್ಶಿ ದಾರಿ ತೋರಬಲ್ಲನೇ ಹೊರತು ಹೆಜ್ಜೆ ಇಡಲಾರ. ಮೇಲೆ ಮೇಲೆ ಹೋದಂತೆ ಹೊಸ ಹಿಮವು ಬಿರುಕುಗಳ ಮೇಲೆ ಬಿಳಿಯ ಹಾಸಿನಂತೆ ಮುಚ್ಚಿಕೊಂಡಿರುತ್ತದೆ. ನೋಡಲು ಬಯಲಿನಂತೆ ಸಪಾಟು, ಸುಂದರ. ಅಲ್ಲಿ ಹಗ್ಗವಿಲ್ಲದೆ ಹೆಜ್ಜೆಯಿಡುವುದು ಹುಚ್ಚುತನ. ಕಾಂಟ್‌ನ ಸ್ವಾತಂತ್ರ್ಯವೂ ನಮ್ಮ ಹಿರಿಯರ ವಿಧೇಯತೆಯೂ ಒಂದೇ ಹಿಮನದಿಯ ಬೇರೆಬೇರೆ ಎತ್ತರಗಳಲ್ಲಿ ಸಲ್ಲುವ ನಿಯಮಗಳಿರಬಹುದು ಎಂದು ನನಗೆ ತೋರುತ್ತದೆ.

ಆದರೆ ಹಗ್ಗಕ್ಕೆ ಎರಡು ತುದಿಗಳಿರುತ್ತವೆ. ಮಾರ್ಗದರ್ಶಿಯ ಪ್ರಾಣ ಪ್ರವಾಸಿಗನ ಕೈಯಲ್ಲಿಯೂ ಇರುತ್ತದೆ ಎಂಬುದನ್ನು ನಾವು ಬೇಗ ಮರೆಯುತ್ತೇವೆ. ಈ ವೃತ್ತಿಯ ತವರು ಎನ್ನಬಹುದಾದ ಆಲ್ಪ್ಸ್ ಪರ್ವತಗಳಲ್ಲಿ ನಡೆದ ಒಂದು ಘಟನೆಯನ್ನು ಓದಿದಂದಿನಿಂದ ಅದು ನನ್ನ ಮನಸ್ಸನ್ನು ಬಿಟ್ಟುಹೋಗಿಲ್ಲ. 1820ರ ಆಗಸ್ಟ್ ತಿಂಗಳಲ್ಲಿ ಹಾಮೆಲ್ ಎಂಬ ವಿಜ್ಞಾನಿ, ರಷ್ಯದ ಚಕ್ರವರ್ತಿಯ ಸೇವೆಯಲ್ಲಿದ್ದವನು, ಫ್ರಾನ್ಸಿನ ಶಾಮೊನಿ ಎಂಬ ಊರಿನ ಮಾರ್ಗದರ್ಶಿಗಳನ್ನು ಕರೆದುಕೊಂಡು ಮಾಂಟ್ ಬ್ಲಾಂಕ್ ಶಿಖರವನ್ನು ಏರಲು ಹೊರಟ. ನಡುದಾರಿಯಲ್ಲಿ ಹವೆ ಕೆಟ್ಟಿತು. ಬಂಡೆಗಳ ನಡುವೆ ತಂಗಿ ಕಾದರು. ಇಳಿದುಬಿಡುವುದೇ ಲೇಸೆಂಬುದು ಮಾರ್ಗದರ್ಶಿಗಳ ಅಭಿಪ್ರಾಯವಾಗಿತ್ತು. ಮುಂದುವರಿಯಬೇಕೆಂಬುದು ಹಾಮೆಲ್‌ನ ಹಟ. ಕೂಲಿ ಕೊಡುವವನ ಮಾತು ಗೆದ್ದಿತು. ಹೊಸದಾಗಿ ಬಿದ್ದ ಹಿಮದ ಇಳಿಜಾರನ್ನು ಅಡ್ಡಹಾಯುವಾಗ ಹಿಮವೆಲ್ಲ ಒಮ್ಮೆಗೇ ಜಾರಿ, ಮುಂದಿದ್ದ ಮೂವರು ಮಾರ್ಗದರ್ಶಿಗಳನ್ನು ಬಿರುಕಿನೊಳಗೆ ದೂಡಿ ಮುಚ್ಚಿಬಿಟ್ಟಿತು: ಪಿಯೆರ್ ಬಾಲ್ಮಾ, ಪಿಯೆರ್ ಕ್ಯಾರಿಯೆ, ಓಗುಸ್ತ್ ತೆರಾ. ಹಾಮೆಲ್ ಬದುಕಿ ಕೆಳಗಿಳಿದ.

ಮರುವರ್ಷವೇ, ಎಂದರೆ 1821ರಲ್ಲಿ, ಶಾಮೊನಿಯ ಮಾರ್ಗದರ್ಶಿಗಳು ಒಂದು ಸಂಘವಾಗಿ ಸೇರಿದರು. ಅದು ಇಂದಿಗೂ ಇದೆ. ಹಿಮನದಿಯು ನಿಜವಾಗಿಯೂ ನದಿಯೇ; ಬಹಳ ನಿಧಾನವಾಗಿ ಕೆಳಗೆ ಹರಿಯುತ್ತದೆ. ಸ್ಕಾಟ್ಲೆಂಡಿನ ವಿಜ್ಞಾನಿ ಜೇಮ್ಸ್ ಫೋರ್ಬ್ಸ್ ಅದರ ವೇಗವನ್ನು ಅಳೆದು, ಆ ಮೂವರ ದೇಹಗಳು ಸುಮಾರು ನಾಲ್ಕು ದಶಕಗಳಲ್ಲಿ ಕೆಳಗೆ ಬಂದಾವೆಂದು ಲೆಕ್ಕ ಹಾಕಿದ್ದ. 1861ರಲ್ಲಿ ಬೊಸ್ಸೊ ಹಿಮನದಿಯ ಕೆಳತುದಿಯಲ್ಲಿ ಅವು ಒಂದೊಂದಾಗಿ ಹೊರಬರತೊಡಗಿದವು. ನಲವತ್ತೊಂದು ವರ್ಷಗಳ ಹಿಂದೆ ಅದೇ ತಂಡದಲ್ಲಿದ್ದು ಬದುಕುಳಿದಿದ್ದ ಮಾರ್ಗದರ್ಶಿ ಕುತ್ತೆ, ಆ ಹೊತ್ತಿಗೆ ಮುದುಕನಾಗಿದ್ದವನು, ತನ್ನ ಜೊತೆಗಾರರ ಅವಶೇಷಗಳನ್ನು ಗುರುತಿಸಿದ. ಅವನು ವೃದ್ಧನಾಗಿದ್ದ, ಹಿಮದೊಳಗಿದ್ದವರು ಸತ್ತಾಗ ಇದ್ದ ವಯಸ್ಸಿನಲ್ಲಿಯೇ ಉಳಿದಿದ್ದರು. ಹಿಮವು ಯಾವ ಲೆಕ್ಕವನ್ನೂ ಅಳಿಸುವುದಿಲ್ಲ.

ಹಾಮೆಲ್ ಕೆಟ್ಟವನೆಂದು ನಾನು ಹೇಳುತ್ತಿಲ್ಲ. ಅವನು ಬಹುದೂರದಿಂದ ಬಂದಿದ್ದ, ವೆಚ್ಚ ಮಾಡಿದ್ದ, ಶಿಖರವು ಕಣ್ಣಿಗೆ ಕಾಣುವಂತಿತ್ತು. ನಮ್ಮಲ್ಲಿ ಎಷ್ಟು ಜನ ಆಗ ಹಿಂದಿರುಗುತ್ತಿದ್ದೆವು? ಆದರೆ ‘ನನ್ನ ಪ್ರಾಣ, ನನ್ನ ಹಣ, ನನ್ನ ಇಷ್ಟ’ ಎಂಬ ವಾದವು ಅಲ್ಲಿ ಸಲ್ಲುವುದಿಲ್ಲ ಎಂಬುದಂತೂ ಖಚಿತ. ತನ್ನ ಪ್ರಾಣವನ್ನು ಪಣಕ್ಕಿಡುವ ಹಕ್ಕು ಇದೆಯೇ ಇಲ್ಲವೇ ಎಂಬುದನ್ನು ನೀತಿಶಾಸ್ತ್ರಜ್ಞರು ಚರ್ಚಿಸಲಿ. ಕೂಲಿಯನ್ನು ನಂಬಿ ಮನೆಯಲ್ಲಿ ಹೆಂಡತಿಮಕ್ಕಳನ್ನು ಬಿಟ್ಟುಬಂದವನ ಪ್ರಾಣವನ್ನು ಪಣಕ್ಕಿಡುವ ಹಕ್ಕು ಯಾವ ಶುಲ್ಕದಿಂದಲೂ ದೊರೆಯದು. 2014ರ ಏಪ್ರಿಲ್ 18ರಂದು ಎವರೆಸ್ಟಿನ ಖುಂಬು ಹಿಮಪಾತದಲ್ಲಿ ಕುಸಿದ ಮಂಜುಗಡ್ಡೆಯ ಕೆಳಗೆ ಸಿಕ್ಕಿ ಹದಿನಾರು ನೇಪಾಳಿ ಕೆಲಸಗಾರರು ಸತ್ತರು. ಹಣ ಕೊಟ್ಟು ಬಂದ ಆರೋಹಿಗಳಿಗಾಗಿ ಹೊರೆ ಹೊರುವವರು, ದಾರಿ ಸಿದ್ಧಪಡಿಸುವವರು ಅವರು. ಆರೋಹಿಗಳಲ್ಲಿ ಒಬ್ಬರೂ ಅಂದು ಸಾಯಲಿಲ್ಲ.

ಇನ್ನೊಂದು ಮುಖವೂ ಇದೆ. ಮಾರ್ಗದರ್ಶಿಯು ‘ಬೇಡ’ ಎನ್ನಲಾರದೆ ಹೋಗುವುದು. 1995ರಲ್ಲಿ ನ್ಯೂಜಿಲೆಂಡಿನ ಅನುಭವಿ ಮಾರ್ಗದರ್ಶಿ ರಾಬ್ ಹಾಲ್, ಎವರೆಸ್ಟಿನ ತುದಿ ಕೈಗೆಟುಕುವಷ್ಟು ಹತ್ತಿರವಿದ್ದಾಗ ತನ್ನ ತಂಡದ ಒಬ್ಬ ಅಂಚೆ ನೌಕರನನ್ನು ಹೊತ್ತು ಮೀರಿತೆಂದು ಹಿಂದಕ್ಕೆ ಕರೆತಂದ. ಅದು ಸರಿಯಾದ ತೀರ್ಮಾನ, ಇಬ್ಬರೂ ಬದುಕಿದರು. ಮರುವರ್ಷ ಅದೇ ಅಂಚೆ ನೌಕರ ಮತ್ತೆ ಬಂದ. 1996ರ ಮೇ 10ರಂದು ಮಧ್ಯಾಹ್ನ ಎರಡು ಗಂಟೆಯ ಹೊತ್ತಿಗೆ ಯಾರು ಎಲ್ಲಿದ್ದರೂ ಹಿಂದಿರುಗಬೇಕೆಂಬ ಮಾತು ತಂಡದಲ್ಲಿತ್ತು. ಅವರಿಬ್ಬರು ತುದಿಯಲ್ಲಿ ಕೂಡಿದಾಗ ನಾಲ್ಕು ಗಂಟೆ ಕಳೆದಿತ್ತು. ಅಂದಿನ ಬಿರುಗಾಳಿಯಲ್ಲಿ ಎವರೆಸ್ಟಿನ ಮೇಲೆ ಎಂಟು ಮಂದಿ ಸತ್ತರು, ಅವರಲ್ಲಿ ಇವರಿಬ್ಬರೂ ಸೇರಿದ್ದರು. ಹಿಂದಿನ ವರ್ಷ ‘ಬೇಡ’ ಎಂದವನ ಬಾಯಿಗೆ ಈ ವರ್ಷ ಆ ಮಾತು ಏಕೆ ಬರಲಿಲ್ಲ? ಹಣದ ಆಸೆಯಿಂದ ಎಂದು ಹೇಳಿಬಿಡುವುದು ಅನ್ಯಾಯವಾದೀತು. ಕರುಣೆಯಿಂದಲೇ ಇರಬಹುದು. ಎರಡನೆಯ ಸಲ ನಿರಾಶೆಗೊಳಿಸುವುದು ಎಷ್ಟು ಕಷ್ಟವೆಂಬುದನ್ನು ಮಕ್ಕಳನ್ನು ಸಾಕಿದವರು ಬಲ್ಲರು. ಕರುಣೆಯೂ ಕೆಲವೊಮ್ಮೆ ದಾರಿ ತಪ್ಪಿಸುತ್ತದೆ ಎಂಬುದು ನನಗೆ ಈ ಕಥೆಯಲ್ಲಿ ಅತಿ ಕಹಿಯಾದ ಭಾಗ.

ಸಂತ ಥಾಮಸ್ ಅಕ್ವಿನಾಸರು ವಿವೇಕವೆಂಬ ಸದ್ಗುಣವನ್ನು ಬಿಡಿಸಿ ನೋಡುವಾಗ ಅದರ ಒಂದು ಅಂಗವಾಗಿ ‘ಹೇಳಿಸಿಕೊಳ್ಳುವ ಗುಣ’ವನ್ನು ಸೇರಿಸುತ್ತಾರೆ. ಕಾರ್ಯರಂಗದಲ್ಲಿ ಎದುರಾಗುವ ಸಂದರ್ಭಗಳು ಲೆಕ್ಕವಿಲ್ಲದಷ್ಟು. ಅವೆಲ್ಲವನ್ನೂ ಒಬ್ಬನೇ ಅರಿಯಲಾರ. ಆದ್ದರಿಂದ ಅನುಭವಸ್ಥರಿಂದ ತಿಳಿಯಲು ಸಿದ್ಧನಿರಬೇಕು. ಕಲಿತವರೂ ಹಿರಿಯರೂ ಇದಕ್ಕೆ ಹೊರತಲ್ಲ ಎಂಬುದು ಅವರ ವಿಚಾರ. ಗಮನಿಸಿ, ಅವರು ಇದನ್ನು ದುರ್ಬಲರಿಗೆ ಕೊಟ್ಟ ರಿಯಾಯಿತಿ ಎನ್ನುವುದಿಲ್ಲ, ವಿವೇಕಿಯ ಲಕ್ಷಣವೆನ್ನುತ್ತಾರೆ. ಕಾಂಟ್ ಹೆದರಿದ್ದು ಯೋಚಿಸುವ ಕೆಲಸವನ್ನೇ ಇನ್ನೊಬ್ಬರಿಗೆ ಮಾರುವವನಿಗೆ. ಅಕ್ವಿನಾಸರು ಹೊಗಳಿದ್ದು ಯೋಚಿಸಿಯೇ ತಗ್ಗುವವನನ್ನು. ಹೊರಗಿನಿಂದ ನೋಡುವವರಿಗೆ ಇಬ್ಬರೂ ಒಂದೇ ಹಗ್ಗದ ಹಿಂದೆ ನಡೆಯುವವರಂತೆ ಕಾಣುತ್ತಾರೆ.

ಈ ಗುಣವನ್ನು ಪರ್ವತದ ಮೇಲೆಯೇ ಕಲಿತ ಒಬ್ಬರು ನಮ್ಮ ಧರ್ಮಸಭೆಯ ಚರಿತ್ರೆಯಲ್ಲಿದ್ದಾರೆ. ಮುಂದೆ 1922ರಲ್ಲಿ ಹನ್ನೊಂದನೆಯ ಪಯಸ್ ಎಂಬ ಹೆಸರಿನಲ್ಲಿ ಜಗದ್ಗುರುಗಳಾದ ಅಕಿಲ್ಲೆ ರಾತ್ತಿಯವರು ಮಿಲಾನಿನಲ್ಲಿ ತರುಣ ಗುರುವಾಗಿದ್ದಾಗ ಪರ್ವತಾರೋಹಿಯಾಗಿದ್ದರು. 1889ರ ಜುಲೈ ತಿಂಗಳಲ್ಲಿ ಇನ್ನೊಬ್ಬ ಗುರು ಮತ್ತು ಇಬ್ಬರು ಮಾರ್ಗದರ್ಶಿಗಳೊಡನೆ ಮಕುನ್ಯಾಗ ಕಣಿವೆಯಿಂದ ಮಾಂಟೆ ರೋಸಾ ಪರ್ವತದ ಅತ್ಯುನ್ನತ ತುದಿಯನ್ನು ಅವರು ಏರಿದರು. ಇಳಿಯುವ ಮೊದಲೇ ಕತ್ತಲಾಯಿತು. ತುದಿಗೆ ಸಮೀಪದಲ್ಲಿ, ಕಾಲೂರಲು ಮಾತ್ರ ಎಡೆಯಿದ್ದ ಬಂಡೆಯ ಅಂಚಿನಲ್ಲಿ, ಕೊರೆಯುವ ಚಳಿಯಲ್ಲಿ ನಾಲ್ವರೂ ಬೆಳಗಿನವರೆಗೆ ಕಾದರು. ಕತ್ತಲೆಯಲ್ಲಿ ಇಳಿಯುವ ಆತುರಕ್ಕಿಂತ ಕಾಯುವ ಕಷ್ಟವನ್ನೇ ಆರಿಸಿಕೊಂಡರು. ಪರ್ವತಾರೋಹಣವು ಮುಂದುವರಿಕೆ ನೋಡದ ದುಡುಕಲ್ಲ, ಅದರಲ್ಲಿ ಮುಖ್ಯವಾಗಿ ಬೇಕಾದುದು ವಿವೇಕ, ಧೈರ್ಯ ಸ್ವಲ್ಪವೇ ಸಾಕು ಎಂಬುದು ಅವರ ಅಭಿಪ್ರಾಯವಾಗಿತ್ತು. 1923ರಲ್ಲಿ ಜಗದ್ಗುರುಗಳಾಗಿ ಅವರು ಆಲ್ಪ್ಸ್ ಕಣಿವೆದಾರಿಯಲ್ಲಿ ದಾರಿಹೋಕರಿಗೆ ಆಶ್ರಯಗೃಹ ಕಟ್ಟಿಸಿದ ಸಂತ ಬರ್ನಾರ್ಡರನ್ನು ಪರ್ವತಾರೋಹಿಗಳ ಪಾಲಕ ಸಂತರೆಂದು ಸಾರಿದರು. ಗಮನಿಸಬೇಕಾದ ಆಯ್ಕೆ. ಬರ್ನಾರ್ಡರ ಹೆಸರು ಉಳಿದಿರುವುದು ಅವರು ಏರಿದ ಯಾವ ಶಿಖರದಿಂದಲೂ ಅಲ್ಲ, ಹಿಮದಲ್ಲಿ ಸಿಕ್ಕಿದವರಿಗೆ ತೆರೆದಿಟ್ಟ ಬಾಗಿಲಿನಿಂದ.

ಅಲಾಸ್ಕದ ಹಿಮ ನಮ್ಮಿಂದ ದೂರವೆಂದು ಓದುಗರು ಹೇಳಬಹುದು. ಇಂದಿನ ನಮ್ಮ ಯುವಕಯುವತಿಯರಿಗೆ ಹಿಮಾಲಯ ದೂರವಲ್ಲ. ರಜೆ ಬಂತೆಂದರೆ ಬೆಂಗಳೂರಿನಿಂದ ಚಾರಣದ ತಂಡಗಳು ಹೊರಡುತ್ತವೆ, ಮಾರ್ಗದರ್ಶಿಗಳೂ ಜೊತೆಗಿರುತ್ತಾರೆ. 2024ರ ಜೂನ್ ಮೊದಲ ವಾರದಲ್ಲಿ ಉತ್ತರಾಖಂಡದ ಸಹಸ್ರ ತಾಲ್ ಸರೋವರದ ಹಾದಿಯಲ್ಲಿ ಹಿಮಗಾಳಿಗೆ ಸಿಕ್ಕಿ ಕರ್ನಾಟಕದಿಂದ ಹೋಗಿದ್ದ ತಂಡವೊಂದರ ಒಂಬತ್ತು ಮಂದಿ ತೀರಿಕೊಂಡರು. ಅವರ ಮನೆಯವರ ದುಃಖದ ಮುಂದೆ ದೂರದಲ್ಲಿ ಕುಳಿತು ಸರಿತಪ್ಪು ತೂಗುವುದು ಸಲ್ಲದು, ನಾನು ತೂಗುವುದಿಲ್ಲ. ಆದರೆ ಅಂದಿನಿಂದ, ಮಗನೋ ಮಗಳೋ ಬೆಟ್ಟಕ್ಕೆ ಹೊರಟಿದ್ದಾರೆಂದು ಹೇಳಿಕೊಳ್ಳುವ ತಂದೆತಾಯಿಯರು ‘ಅಪಾಯವಿಲ್ಲವಷ್ಟೇ ಫಾದರ್?’ ಎಂದು ಕೇಳಿದಾಗ ನಾನು ಬೇರೊಂದು ಪ್ರಶ್ನೆಯನ್ನು ಹಿಂದಕ್ಕೆ ಕೇಳುತ್ತೇನೆ: ಕರೆದುಕೊಂಡು ಹೋಗುವವರು ಎಷ್ಟು ಸಲ ತುದಿ ಮುಟ್ಟದೆ ಹಿಂದಿರುಗಿದ್ದಾರೆ, ವಿಚಾರಿಸಿದಿರಾ? ಹಾಗೆ ಹಿಂದಿರುಗಿದಾಗ ಹಣ ಹೋಯಿತೆಂದು ಜಗಳವಾಡಬಾರದೆಂದು ಮಗನಿಗೆ ಹೇಳಿದ್ದೀರಾ? ಮೊದಲನೆಯದನ್ನು ಕೆಲವರು ಬರೆದುಕೊಳ್ಳುತ್ತಾರೆ. ಎರಡನೆಯದಕ್ಕೆ ಸಾಮಾನ್ಯವಾಗಿ ನಗುತ್ತಾರೆ.

ಕೆನೆಕಾಟಿನ ತಾಮ್ರದ ಕಥೆಯ ಮೊದಲಿಗೂ ಒಬ್ಬ ಮಾರ್ಗದರ್ಶಿ ಇದ್ದ. 1885ರಲ್ಲಿ ಅಮೆರಿಕದ ಸೇನಾಧಿಕಾರಿ ಹೆನ್ರಿ ಅಲೆನ್ ಕಾಪರ್ ನದಿಯ ಪ್ರದೇಶವನ್ನು ಶೋಧಿಸಲು ಬಂದಾಗ ಅವನ ತಂಡ ಹಸಿವಿನಿಂದ ಕಂಗೆಟ್ಟಿತ್ತು. ಅಲ್ಲಿನ ಮೂಲನಿವಾಸಿಗಳಾದ ಅಹ್ಟ್ನಾ ಜನರ ಮುಖ್ಯಸ್ಥ ನಿಕೊಲಾಯ್ ಅವರಿಗೆ ಉಣಬಡಿಸಿದ. ಅವನ ಜನರು ತಾಮ್ರವನ್ನು ಬಹುಕಾಲದಿಂದ ಬಲ್ಲವರಾಗಿದ್ದರು. 1911ರ ಹೊತ್ತಿಗೆ ಆ ತಾಮ್ರವನ್ನು ಸಾಗಿಸಲು 315 ಕಿಲೋಮೀಟರ್ ಉದ್ದದ ರೈಲುಹಾದಿ ಸಿದ್ಧವಾಗಿತ್ತು. ಇಪ್ಪತ್ತೇಳು ವರ್ಷಗಳಲ್ಲಿ ಅದಿರು ಮುಗಿಯಿತು. ಗಣಿಯವರು ಎಲ್ಲಿ ನಿಲ್ಲಬೇಕೆಂದು ಯಾರನ್ನೂ ಕೇಳಿರಲಿಲ್ಲ. ಈಗ ಆ ಖಾಲಿ ಕಟ್ಟಡಗಳ ಎದುರಿನಿಂದಲೇ ಪ್ರತಿದಿನ ಬೆಳಿಗ್ಗೆ ಪುಟ್ಟ ಗುಂಪುಗಳು ಬೂಟಿನ ಮುಳ್ಳುಗಳನ್ನು ಚೀಲಕ್ಕೆ ಸೇರಿಸಿಕೊಂಡು ಹಿಮದ ಕಡೆಗೆ ಹೊರಡುತ್ತವೆ. ಮಧ್ಯಾಹ್ನ ಕಳೆದು ಎಲ್ಲೋ ಒಂದು ಕಡೆ ಮೋಡ ಕೆಳಗಿಳಿಯುತ್ತದೆ, ತೊರೆಯ ನೀರು ಏರುತ್ತದೆ. ಮಾರ್ಗದರ್ಶಿ ನಿಂತು ಆಕಾಶ ನೋಡುತ್ತಾನೆ. ಹಿಂದಿರುವವರು ಅವನ ಮುಖ ನೋಡುತ್ತಾರೆ. ಇನ್ನೊಂದು ದಿಬ್ಬದಾಚೆ ನೀಲಿ ಕೊಳವೊಂದಿದೆ ಎಂದು ಅವನೇ ಬೆಳಿಗ್ಗೆ ಹೇಳಿದ್ದ. ‘ಇನ್ನು ಸಾಕು, ಹಿಂದಿರುಗೋಣ’ ಎನ್ನುತ್ತಾನೆ. ಯಾರೋ ಒಬ್ಬರು ಗಡಿಯಾರ ನೋಡಿಕೊಳ್ಳುತ್ತಾರೆ, ಕೊಟ್ಟ ಹಣ ನೆನಪಾಗುತ್ತದೆ, ಏನೋ ಹೇಳಲು ಬಾಯಿ ತೆರೆಯುತ್ತಾರೆ. ಆಮೇಲೆ ಸುಮ್ಮನೆ ತಿರುಗಿ, ಬಂದ ಹೆಜ್ಜೆಗುರುತುಗಳ ಮೇಲೆಯೇ ನಡೆಯತೊಡಗುತ್ತಾರೆ.